ದಿಲ್‌ಪಸಂದ್ ಹಿಟ್ಟು ಉಬ್ಬುವ ಹೊತ್ತು

ಡಿಸೆಂಬರ್‌ನ ಒಂದು ಭಾನುವಾರ ಸಂಜೆ ಬಸವನಗುಡಿಯ ಸಣ್ಣ ಸಭಾಂಗಣವೊಂದರಲ್ಲಿ ಆಡಿದ ಮಾತುಗಳಿವು. ಬಂದವರಲ್ಲಿ ಹಲವರು ಅಳತೆಗಳನ್ನು ಬರೆದು ಕೊಡಿ ಎಂದು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಅಂದು ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಮೇಜಿನ ಮೇಲಿರುವ ಈ ಎರಡು ಗಾಜಿನ ಜಾಡಿಗಳನ್ನು ನೋಡಿ. ಎರಡರಲ್ಲೂ ಇರುವುದು ಕಲಸಿದ ಮೈದಾ. ಒಂದೇ ಪ್ಯಾಕೆಟ್ಟಿನ ಮೈದಾ, ಒಂದೇ ಪೊಟ್ಟಣದ ಯೀಸ್ಟ್, ಅಷ್ಟೇ ನೀರು, ಅಷ್ಟೇ ಉಪ್ಪು. ಹಸಿರು ರಬ್ಬರ್ ಬ್ಯಾಂಡ್ ಹಾಕಿದ ಜಾಡಿಗೆ ಸಕ್ಕರೆ ಹಾಕಿಲ್ಲ. ಕೆಂಪು ರಬ್ಬರ್ ಬ್ಯಾಂಡ್ ಇರುವುದಕ್ಕೆ 100 ಗ್ರಾಂ ಮೈದಾಕ್ಕೆ 20 ಗ್ರಾಂ ಸಕ್ಕರೆ ಹಾಕಿದ್ದೇನೆ. ನೀವೆಲ್ಲ ಬಂದು ಕೂರುವಾಗ ಎರಡನ್ನೂ ಇಲ್ಲೇ ಕಲಸಿ ತುಂಬಿಸಿದೆ. ಹಿಟ್ಟು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ರಬ್ಬರ್ ಬ್ಯಾಂಡ್ ಕೂರಿಸಿದ್ದೇನೆ.

ಯೀಸ್ಟಿಗೆ ಸಕ್ಕರೆ ಹಾಕಿದರೆ ಬೇಗ ಉಬ್ಬುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ಬೆಚ್ಚನೆ ಹಾಲಿಗೆ ಒಂದು ಚಮಚ ಸಕ್ಕರೆ ಹಾಕಿ, ಯೀಸ್ಟ್ ಉದುರಿಸಿ, ನೊರೆ ಬರುವವರೆಗೆ ಬಿಡುತ್ತೇವೆ. ಹಾಗಾದರೆ ಜಾಸ್ತಿ ಸಕ್ಕರೆ ಇರುವ ಹಿಟ್ಟು ಇನ್ನೂ ಬೇಗ ಉಬ್ಬಬೇಕು, ಅಲ್ವಾ? ಮಾತಿನ ನಡುವೆ ಆಗಾಗ ಜಾಡಿಗಳ ಕಡೆ ಒಂದು ಕಣ್ಣಿಟ್ಟಿರಿ. ಕೊನೆಯಲ್ಲಿ ಅಲ್ಲಿಗೇ ಬರೋಣ.

ಇವತ್ತಿನ ವಿಷಯ ದಿಲ್‌ಪಸಂದ್. ಬೆಂಗಳೂರಿನಲ್ಲಿ ಬೆಳೆದವರಿಗೆ ಅದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ತಟ್ಟೆಯಷ್ಟು ಅಗಲದ ಸಿಹಿ ಬ್ರೆಡ್ಡು, ನಡುವೆ ಕಾಯಿ, ಸಕ್ಕರೆ, ಟೂಟಿ ಫ್ರೂಟಿ. ತ್ರಿಕೋನದ ಹೋಳು ಮಾಡಿ, ಕಾಗದದ ತುಂಡಿನ ಮೇಲಿಟ್ಟು ಕೊಡುತ್ತಾರೆ. ಶಾಲೆ ಬಿಟ್ಟ ಮೇಲೆ ಬೇಕರಿಯ ಗಾಜಿನ ಮುಂದೆ ನಿಂತು, ಯಾವ ಹೋಳಿನಲ್ಲಿ ಹೂರಣ ಜಾಸ್ತಿ ಇದೆ ಎಂದು ಕಣ್ಣಲ್ಲೇ ಅಳೆದ ನೆನಪು ಇಲ್ಲಿ ಹಲವರಿಗೆ ಇರಬಹುದು. ಕೆಲವು ಕಡೆ ಇದನ್ನು ಪಫ್ ಹಿಟ್ಟಿನಂತೆ ಪದರ ಪದರವಾಗಿ ಮಾಡುತ್ತಾರೆ. ನಾನು ಹೇಳುವುದು ಯೀಸ್ಟ್ ಹಾಕಿದ, ಮೊಟ್ಟೆ ಇಲ್ಲದ, ಬನ್ನಿನಂತೆ ಮೆತ್ತಗಿರುವ ದಿಲ್‌ಪಸಂದ್.

ಮೊಟ್ಟೆ ಇಲ್ಲದ್ದು ಎಂದ ಕೂಡಲೇ ಅಯ್ಯಂಗಾರ್ ಬೇಕರಿ ನೆನಪಾಗುತ್ತದೆ. ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬೆಂಗಳೂರು ಬ್ರದರ್ಸ್ ಬೇಕರಿಯೇ ಇವುಗಳಲ್ಲಿ ಮೊದಲನೆಯದು ಎಂದು ಹೇಳುತ್ತಾರೆ. ತಿರುಮಲಾಚಾರ್ ಸೋದರರ ಬೇಕರಿ ಅದು. ಆಮೇಲೆ ಹಾಸನ ಕಡೆಯ ಎಷ್ಟೋ ಕುಟುಂಬಗಳು ಇದೇ ಕೆಲಸ ಹಿಡಿದು ಊರೂರಿಗೆ ಹೋದವು. ವಿ.ವಿ. ಪುರಂನ ವಿ.ಬಿ. ಬೇಕರಿ 1953ರಿಂದ ಇದೆ. ಊರಿನ ಆ ಕಡೆ, ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿ, 1902ರ ಆಲ್ಬರ್ಟ್ ಬೇಕರಿ ಇದೆ. ಅಲ್ಲಿ ಗುಡ್ ಫ್ರೈಡೇ ಹೊತ್ತಿಗೆ ಮೇಲೆ ಶಿಲುಬೆ ಗುರುತಿರುವ ಸಿಹಿ ಬನ್ನು ಬರುತ್ತದೆ, ರಂಜಾನ್ ತಿಂಗಳಲ್ಲಿ ಮಾವಾ ಸಮೋಸ ಬರುತ್ತದೆ. ಒಂದೇ ಊರಿನ ಒಲೆಗಳಲ್ಲಿ ಇಷ್ಟೆಲ್ಲ ಬೇಯುತ್ತದೆ ಎನ್ನುವುದು ನನಗೆ ತುಂಬ ಖುಷಿ ಕೊಡುವ ಸಂಗತಿ.

ಆದರೂ ಮನೆಯಲ್ಲಿ ಬ್ರೆಡ್ ಮಾಡುವುದು ಎಂದರೆ ನಾವು ಹಿಂಜರಿಯುತ್ತೇವೆ. ಅದು ನಮಗೆ ಬರುವ ಕೆಲಸವಲ್ಲ, ಬೇಕರಿಯವರದು ಎನ್ನುತ್ತೇವೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಸಿಹಿ ಬ್ರೆಡ್ಡಿಗೆ ಬೇಕಾದ ಎರಡು ಮುಖ್ಯ ಕೆಲಸಗಳು ಕನ್ನಡದ ಮನೆಗಳಿಗೆ ಮೊದಲೇ ಗೊತ್ತು. ಒಂದು, ಹೋಳಿಗೆಯ ಕಣಕ. ಇನ್ನೊಂದು, ದೋಸೆ ಹಿಟ್ಟು.

ಕಣಕದಿಂದ ಶುರು ಮಾಡುತ್ತೇನೆ. ನಮ್ಮ ಅತ್ತೆ ಯುಗಾದಿಯ ಹಿಂದಿನ ದಿನವೇ ಕಣಕ ಕಲಸಿಡುತ್ತಿದ್ದರು. ಮೈದಾ, ಸ್ವಲ್ಪ ಚಿರೋಟಿ ರವೆ, ಅರಿಶಿನ, ಉಪ್ಪು, ನೀರು. ಕೈಗೆ ಅಂಟುವಷ್ಟು ಸಡಿಲ. ಅದನ್ನು ಮಣೆಯ ಮೇಲೆ ಹಾಕಿ ನಾದಿ, ಎತ್ತಿ ಬಡಿದು, ಮತ್ತೆ ನಾದುತ್ತಿದ್ದರು. ಆಮೇಲೆ ಮುಳುಗುವಷ್ಟು ಎಣ್ಣೆ ಬಿಟ್ಟು ಮುಚ್ಚಿಡುತ್ತಿದ್ದರು. ಮರುದಿನ ಒಂದು ಚೂರು ತೆಗೆದು ಎರಡೂ ಕೈಯಲ್ಲಿ ಎಳೆದು ತೋರಿಸುತ್ತಿದ್ದರು. “ನೋಡಮ್ಮ, ಹರಿಯಬಾರದು. ಬಟ್ಟೆ ಹಾಗೆ ಬರಬೇಕು. ಹರಿದರೆ ಹೂರಣ ಆಚೆ ಬರುತ್ತೆ.”

ಆ ಎಳೆ ಬರುವುದು ಗೋಧಿಯಲ್ಲಿರುವ ಪ್ರೋಟೀನಿನಿಂದ. ಗ್ಲುಟೆನಿನ್, ಗ್ಲಯಾಡಿನ್ ಎಂದು ಎರಡು ಬಗೆ. ನೀರು ತಾಗಿದಾಗ ಇವು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆ ಆಗುತ್ತವೆ. ನಾದಿದಷ್ಟೂ ಬಲೆ ಬಿಗಿಯಾಗುತ್ತದೆ, ನೆನೆದಷ್ಟೂ ಮೃದುವಾಗಿ ಹಿಗ್ಗುತ್ತದೆ. ಹೋಳಿಗೆಯಲ್ಲಿ ಆ ಬಲೆ ಹೂರಣವನ್ನು ಹಿಡಿದಿಡುತ್ತದೆ. ಬ್ರೆಡ್ಡಿನಲ್ಲಿ ಗಾಳಿಯನ್ನು ಹಿಡಿದಿಡುತ್ತದೆ.

ಇನ್ನು ದೋಸೆ ಹಿಟ್ಟು. ರಾತ್ರಿ ರುಬ್ಬಿ ಇಟ್ಟಿದ್ದು ಬೆಳಿಗ್ಗೆ ಪಾತ್ರೆ ತುಂಬಿ ಉಕ್ಕಿರುತ್ತದೆ. ಅಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ಲ್ಯುಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದು ಹುಳಿಯನ್ನೂ ಕೊಡುತ್ತದೆ, ಗಾಳಿಯನ್ನೂ ಕೊಡುತ್ತದೆ. ಬ್ರೆಡ್ಡಿನಲ್ಲಿ ಆ ಕೆಲಸ ಮಾಡುವುದು ಯೀಸ್ಟ್. ಅದೂ ಒಂದು ಜೀವವೇ, ಅಣಬೆಯ ಜಾತಿಗೆ ಸೇರಿದ್ದು, ಒಂದೊಂದೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಮತ್ತು ಚೂರು ಆಲ್ಕೋಹಾಲ್ ಬಿಡುತ್ತದೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸನ್ನಾ ಎಂಬ ಇಡ್ಲಿಯಂಥ ತಿಂಡಿ ಮಾಡುವಾಗ ಕಳ್ಳು ಹಾಕುತ್ತಿದ್ದದ್ದು ಇದಕ್ಕೇ. ಕಳ್ಳಿನಲ್ಲಿ ಯೀಸ್ಟ್ ತಾನಾಗಿಯೇ ಇರುತ್ತದೆ.

ಚಳಿಗಾಲದಲ್ಲಿ ದೋಸೆ ಹಿಟ್ಟು ಬೇಗ ಹುಳಿ ಬರುವುದಿಲ್ಲ ಎಂದು ನಮಗೆ ಯಾರೂ ಪಾಠ ಮಾಡಿಲ್ಲ. ನೋಡಿ ನೋಡಿ ಗೊತ್ತಾಗಿದೆ. ಪಾತ್ರೆಗೆ ಹಳೇ ಶಾಲು ಸುತ್ತುತ್ತೇವೆ, ಒಲೆಯ ಪಕ್ಕ ಇಡುತ್ತೇವೆ. ಗಂಟೆ ನೋಡಿ ಹಿಟ್ಟು ಆಯಿತು ಎನ್ನುವುದಿಲ್ಲ, ಮುಚ್ಚಳ ತೆಗೆದು ನೋಡಿ ಹೇಳುತ್ತೇವೆ. ಬ್ರೆಡ್ಡಿಗೂ ಅದೇ ಕಣ್ಣು ಸಾಕು.

ಸಿಹಿ ಬ್ರೆಡ್ಡಿನಲ್ಲಿ ಹೊಸದಾಗಿ ಕಲಿಯಬೇಕಾದ್ದು ಒಂದೇ: ಸಕ್ಕರೆಯ ಗುಣ.

ನನಗೆ ಅದು ತಿಳಿದದ್ದು ಕಷ್ಟದಿಂದ. ಹನ್ನೆರಡು ವರ್ಷದ ಹಿಂದೆ ಮಗಳು ಹುಟ್ಟುಹಬ್ಬಕ್ಕೆ ಕೇಕ್ ಬೇಡ, ದಿಲ್‌ಪಸಂದ್ ಬೇಕು ಎಂದಳು. ಅವಳು ಹುಟ್ಟಿದ್ದು ಜನವರಿಯಲ್ಲಿ. ಬೆಳಿಗ್ಗೆ ಹಿಟ್ಟು ಕಲಸಿದೆ. ಮಕ್ಕಳಿಗೆ ಸಿಹಿ ಇರಲಿ ಎಂದು ಸಕ್ಕರೆ ಕೈ ತುಂಬ ಹಾಕಿದ್ದೆ. ಎರಡು ಗಂಟೆಯಾದರೂ ಹಿಟ್ಟು ಕಲ್ಲಿನಂತೆ ಕೂತಿತ್ತು. ಯೀಸ್ಟ್ ಸತ್ತಿದೆ ಎಂದುಕೊಂಡು ಇನ್ನೊಂದು ಚಮಚ ಯೀಸ್ಟ್ ಸೇರಿಸಿ ನಾದಿದೆ. ಬಿಸಿ ತವಾದ ಮೇಲೆ ಪಾತ್ರೆ ಇಟ್ಟೆ. ಆಗ ಒಮ್ಮೆಗೇ ಉಬ್ಬಿತು. ಓವನ್ನಿಗೆ ಇಟ್ಟ ಹತ್ತು ನಿಮಿಷಕ್ಕೆ ನಡುವೆ ಕುಸಿಯಿತು. ಮುರಿದು ನೋಡಿದರೆ ಕಳ್ಳಿನ ವಾಸನೆ. ಮಗಳು ಒಳಗಿನ ಕಾಯಿ ಹೂರಣವನ್ನಷ್ಟೇ ಚಮಚದಲ್ಲಿ ತಿಂದಳು. ಅವತ್ತು ನನಗೆ ತುಂಬ ಬೇಸರವಾಯಿತು. ಮಗು ಬಾಯಿ ಬಿಟ್ಟು ಕೇಳಿದ್ದು ಅದೊಂದೇ.

ಆ ವಾರವೇ ನಾವು ಬ್ರೆಡ್ ಕೊಳ್ಳುವ ಬೇಕರಿಯಲ್ಲಿ ಹಿಟ್ಟು ಕಲಸುವ ಹಿರಿಯರೊಬ್ಬರನ್ನು ಕೇಳಿದೆ. ಅವರು ಬಾಗಿಲ ಬಳಿ ಬಂದು, ಕೈ ಒರೆಸಿಕೊಳ್ಳುತ್ತಾ, “ಸಕ್ಕರೆ ಆಮೇಲೆ ಹಾಕಿ ಅಮ್ಮಾ. ಮೊದಲು ಸಪ್ಪೆ ಹಿಟ್ಟಲ್ಲಿ ಯೀಸ್ಟ್ ಎಬ್ಬಿಸಿ. ಎದ್ದ ಮೇಲೆ ಸಿಹಿ ಕೊಡಿ” ಎಂದರು. ಅಷ್ಟೇ ಹೇಳಿ ಒಳಗೆ ಹೋದರು.

ಅದರ ಹಿಂದಿನ ಕಾರಣ ಹೀಗೆ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಬೆಳಿಗ್ಗೆ ಜಾಡಿಯ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ಹೋಳಿನ ಒಳಗಿನ ನೀರನ್ನು ಆಚೆ ಎಳೆದಿರುತ್ತದೆ. ಸಕ್ಕರೆಯೂ ಅದನ್ನೇ ಮಾಡುತ್ತದೆ. ಹಿಟ್ಟಿನಲ್ಲಿ ಸಕ್ಕರೆ ಜಾಸ್ತಿ ಕರಗಿದ್ದರೆ ಅದು ಯೀಸ್ಟಿನ ಮೈಯೊಳಗಿನ ನೀರನ್ನು ಎಳೆಯುತ್ತದೆ. ನೀರು ಕಳೆದುಕೊಂಡ ಯೀಸ್ಟ್ ಸುಸ್ತಾಗುತ್ತದೆ. ಸಾಯುವುದಿಲ್ಲ, ನಿಧಾನವಾಗುತ್ತದೆ. ಮೈದಾ ತೂಕದ ನೂರಕ್ಕೆ 5ರಷ್ಟು ಸಕ್ಕರೆಯವರೆಗೆ ತೊಂದರೆ ಕಾಣುವುದಿಲ್ಲ. 10 ದಾಟಿದರೆ ನಿಧಾನವಾಗಿದ್ದು ಕಣ್ಣಿಗೇ ಕಾಣುತ್ತದೆ. ಸಿಹಿ ಬನ್ನಿಗೆ ಸಾಮಾನ್ಯವಾಗಿ 15ರಿಂದ 20 ಬೇಕು. ಇಂಥ ಹಿಟ್ಟಿಗೆ ಹೊಂದಿಕೊಳ್ಳುವ ಯೀಸ್ಟೂ ಬರುತ್ತದೆ, ದೊಡ್ಡ ಬೇಕರಿಗಳು ಬಳಸುತ್ತವೆ. ಮನೆಗೆ ಅದೇ ಬೇಕೆಂದೇನಿಲ್ಲ. ಆ ಹಿರಿಯರು ಹೇಳಿದ ದಾರಿ ಸಾಕು.

ಅವತ್ತು ನಾನು ಯೀಸ್ಟ್ ಹೆಚ್ಚಿಸುವ ಬದಲು ಹೊತ್ತು ಕೊಡಬೇಕಿತ್ತು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಈಗ ಅಳತೆ. ಎಂಟು ಅಂಗುಲದ ಒಂದು ದುಂಡನೆ ಟಿನ್ನಿಗೆ ಹೇಳುತ್ತೇನೆ. ಲೋಟದ ಲೆಕ್ಕ ಬೇಡ, ದಯವಿಟ್ಟು ತೂಕ ಮಾಡಿ. ಒಂದೇ ಲೋಟಕ್ಕೆ ನಾನು ತುಂಬುವ ಮೈದಾ ಬೇರೆ, ನೀವು ತುಂಬುವ ಮೈದಾ ಬೇರೆ. ಒಟ್ಟು ಮೈದಾ 300 ಗ್ರಾಂ. ಸಕ್ಕರೆ 45 ಗ್ರಾಂ. ಹಾಲು 90 ಗ್ರಾಂ, ಬೇಕಾದರೆ ಇನ್ನೊಂದು ಚಮಚ. ನೀರು 100 ಗ್ರಾಂ. ಬೆಣ್ಣೆ 40 ಗ್ರಾಂ. ಹಾಲಿನ ಪುಡಿ 15 ಗ್ರಾಂ. ಉಪ್ಪು 5 ಗ್ರಾಂ. ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ. ಉಪ್ಪು ಹಾಕಿದ ಬೆಣ್ಣೆಯಾದರೆ ಉಪ್ಪು 4 ಗ್ರಾಂ ಸಾಕು. ಮೈದಾ ಪ್ಯಾಕೆಟ್ಟಿನ ಹಿಂದೆ ಪ್ರೋಟೀನ್ ಎಷ್ಟು ಎಂದು ಬರೆದಿರುತ್ತದೆ. 100 ಗ್ರಾಮಿಗೆ 10–11 ಗ್ರಾಂ ಇರುವುದನ್ನು ಆರಿಸಿ. ಕಡಿಮೆ ಇದ್ದರೆ ಬಲೆ ಬಲವಾಗುವುದಿಲ್ಲ.

ಇದರಲ್ಲಿ 20 ಗ್ರಾಂ ಮೈದಾವನ್ನು 100 ಗ್ರಾಂ ನೀರಿಗೆ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿ ಕಾಯಿಸಿ. ಸೌಟು ಎಳೆದ ಗೆರೆ ಹಾಗೇ ನಿಲ್ಲುವಷ್ಟು ಮಂದವಾದರೆ ಇಳಿಸಿ ಆರಿಸಿ. ಮಲೆನಾಡಿನಲ್ಲಿ ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುತ್ತಾರಲ್ಲ, ಕೆಲಸ ಅದೇ. ಬಿಸಿಗೆ ಪಿಷ್ಟ ಉಬ್ಬಿ ನೀರನ್ನು ಹಿಡಿದುಕೊಳ್ಳುತ್ತದೆ. ಹಿಡಿದ ನೀರನ್ನು ಬೇಗ ಬಿಡುವುದಿಲ್ಲ. ಹಾಗಾಗಿ ಹಿಟ್ಟಿನ ಒಳಗೆ ನೀರು ಜಾಸ್ತಿ ಇದ್ದರೂ ಕೈಗೆ ಅಷ್ಟು ಅಂಟುವುದಿಲ್ಲ. ಬೆಂದ ಮೇಲೆ ಮರುದಿನವೂ ಮೆತ್ತಗಿರುತ್ತದೆ. ಮೊಟ್ಟೆ ಹಾಕದ ಬ್ರೆಡ್ಡಿಗೆ ಈ ಗಂಜಿಯಂಥ ನೆರವು ಇನ್ನೊಂದಿಲ್ಲ ಎಂದು ನನ್ನ ಅನುಭವ.

ಇನ್ನೊಂದು ಬಟ್ಟಲಿನಲ್ಲಿ 100 ಗ್ರಾಂ ಮೈದಾ, ಅಷ್ಟೂ ಹಾಲು, ಅಷ್ಟೂ ಯೀಸ್ಟ್. ಸಕ್ಕರೆ ಇಲ್ಲ, ಉಪ್ಪಿಲ್ಲ. ಹಾಲಿನ ಬಿಸಿ ಕೂಸಿಗೆ ಸ್ನಾನ ಮಾಡಿಸುವ ನೀರಿನ ಹದದಲ್ಲಿರಲಿ. ಯೀಸ್ಟ್ 55–60 ಡಿಗ್ರಿಗೆ ಸತ್ತೇ ಹೋಗುತ್ತದೆ, ಆದ್ದರಿಂದ ಬೆರಳು ಅದ್ದಿದರೆ ಚುರ್ ಎನ್ನುವ ಹಾಲು ಬೇಡ. ಇದನ್ನು ನಾನು ಹೆಪ್ಪು ಎನ್ನುತ್ತೇನೆ. ಮುಚ್ಚಿಡಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಮೇಲೆಲ್ಲ ಗುಳ್ಳೆ ಬಂದು, ನಡುವೆ ಸ್ವಲ್ಪ ತಗ್ಗಾಗುತ್ತದೆ. ಆಗ ಯೀಸ್ಟ್ ಎದ್ದಿದೆ ಎಂದು ಅರ್ಥ.

ಈಗ ಉಳಿದ 180 ಗ್ರಾಂ ಮೈದಾ, ಹಾಲಿನ ಪುಡಿ, ಆರಿದ ಗಂಜಿ, ಹೆಪ್ಪು, ಉಪ್ಪು, ಅರ್ಧ ಸಕ್ಕರೆ ಸೇರಿಸಿ ಕಲಸಿ. ಒರಟಾಗಿ ಒಂದುಗೂಡಿದರೆ ಸಾಕು. ಮುಚ್ಚಿ 20 ನಿಮಿಷ ಬಿಡಿ. ಚಪಾತಿ ಹಿಟ್ಟು ನೆನೆಯಲು ಬಿಡುತ್ತೇವಲ್ಲ, ಹಾಗೆ. ಈ 20 ನಿಮಿಷದಲ್ಲಿ ನಮ್ಮ ಕೈಯ ಅರ್ಧ ಕೆಲಸವನ್ನು ನೀರೇ ಮಾಡಿ ಮುಗಿಸಿರುತ್ತದೆ.

ಆಮೇಲೆ ನಾದುವುದು. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಜನ ಕೈಬಿಡುವುದು ಇಲ್ಲೇ. ಮೊದಲ ಐದು ನಿಮಿಷ ಹಿಟ್ಟು ಕೈಗೆ, ಬೆರಳಿನ ಸಂದಿಗೆ, ಕಟ್ಟೆಗೆ ಎಲ್ಲಕ್ಕೂ ಅಂಟುತ್ತದೆ. ಮೈದಾ ಉದುರಿಸಲು ಕೈ ಹೋಗುತ್ತದೆ. ಬೇಡ. ಅಂಗೈ ಬುಡದಿಂದ ಮುಂದಕ್ಕೆ ತಳ್ಳಿ, ಬೆರಳಿನಿಂದ ಮಡಚಿ, ಕಾಲುಭಾಗ ತಿರುಗಿಸಿ, ಮತ್ತೆ ತಳ್ಳಿ. ಉಳಿದ ಸಕ್ಕರೆಯನ್ನು ಎರಡು ಸಲವಾಗಿ ಹಾಕಿ. ಸಕ್ಕರೆ ಹಾಕಿದ ಕೂಡಲೇ ಹಿಟ್ಟು ಮತ್ತೆ ನೀರು ಬಿಟ್ಟಂತೆ ಸಡಿಲವಾಗುತ್ತದೆ, ಹೆದರಬೇಡಿ. ಎಂಟನೇ ನಿಮಿಷದ ಹೊತ್ತಿಗೆ ಒಂದು ಬದಲಾವಣೆ ಬರುತ್ತದೆ. ಹಿಟ್ಟು ಕಟ್ಟೆಯನ್ನು ಬಿಟ್ಟು ಒಂದು ಮುದ್ದೆಯಾಗಿ ಕೈಯ ಜೊತೆ ಬರುತ್ತದೆ. ಮೇಲ್ಮೈ ನುಣುಪಾಗುತ್ತದೆ.

ಆಗ ಬೆಣ್ಣೆ. ಮೊದಲೇ ಹಾಕಬಾರದು. ಜಿಡ್ಡು ಪ್ರೋಟೀನಿಗೆ ಸವರಿಕೊಂಡರೆ ಬಲೆ ಹೆಣೆಯುವುದಕ್ಕೆ ಅಡ್ಡಿ. ಬಲೆ ಹೆಣೆದ ಮೇಲೆ ಬೆಣ್ಣೆ ಬಂದರೆ ಅದರ ಎಳೆಗಳಿಗೆ ಜಾರುವ ಗುಣ ಕೊಡುತ್ತದೆ. ಅತ್ತೆ ಕಣಕವನ್ನು ಚೆನ್ನಾಗಿ ನಾದಿದ ಮೇಲೆಯೇ ಎಣ್ಣೆ ಬಿಡುತ್ತಿದ್ದರಲ್ಲ, ಅದೇ ಕ್ರಮ. ಮೆತ್ತಗಿನ ಬೆಣ್ಣೆಯನ್ನು ಮೂರು ಸಲವಾಗಿ ಹಾಕಿ ನಾದಿ. ಮೊದಲು ಎಲ್ಲ ಹರಿದು ಚೂರಾದಂತೆ ಕಾಣುತ್ತದೆ, ಎರಡು ನಿಮಿಷದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಈಗ ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನಾಲ್ಕೂ ಕಡೆ ಮೆಲ್ಲಗೆ ಎಳೆಯಿರಿ. ನಿಮ್ಮ ಬೆರಳಿನ ನೆರಳು ಆಚೆಯಿಂದ ಕಾಣಬೇಕು. ಹರಿಯಬಾರದು.

ಇಲ್ಲಿ ಬೆಣ್ಣೆಯ ಬಗ್ಗೆ ಒಂದು ಕಥೆ ಹೇಳಲೇಬೇಕು, ನನಗೆ ಬಹಳ ಇಷ್ಟವಾದದ್ದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕ್ರಿಸ್ಮಸ್‌ಗೆ ಸ್ಟೊಲೆನ್ ಎಂಬ ಸಿಹಿ ಬ್ರೆಡ್ ಮಾಡುತ್ತಾರೆ. ಯೀಸ್ಟ್ ಹಾಕಿ, ಒಣದ್ರಾಕ್ಷಿ ಸೇರಿಸಿ, ಮೇಲೆ ಬಿಳಿ ಸಕ್ಕರೆ ಪುಡಿ ಹೊದಿಸುತ್ತಾರೆ. ಹಿಂದೆ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ ಚರ್ಚು ಬೆಣ್ಣೆಯನ್ನು ನಿಷೇಧಿಸಿತ್ತು. ಎಣ್ಣೆಯಲ್ಲೇ ಮಾಡಬೇಕಿತ್ತು, ಬ್ರೆಡ್ ಗಟ್ಟಿಯಾಗಿ ಸಪ್ಪೆಯಾಗಿ ಇರುತ್ತಿತ್ತು. ಆಳುವ ಮನೆತನದವರು ಪೋಪ್‌ಗೆ ಬೇಡಿಕೆ ಕಳಿಸಿದರು. 1491ರಲ್ಲಿ ಎಂಟನೇ ಇನೊಸೆಂಟ್ ಪೋಪ್ ಬೆಣ್ಣೆ ಬಳಸಲು ಅನುಮತಿ ಪತ್ರ ಕೊಟ್ಟರು. ಅದನ್ನು ಬೆಣ್ಣೆ ಪತ್ರ ಎಂದೇ ಕರೆಯುತ್ತಾರೆ. ಒಂದು ಬ್ರೆಡ್ಡು ಮೆತ್ತಗಾಗಲಿ ಎಂದು ರೋಮ್‌ವರೆಗೂ ಕಾಗದ ಹೋಗಿತ್ತು! ಇಟಲಿಯವರೂ ಕಡಿಮೆಯಿಲ್ಲ. ಮಿಲಾನ್‌ನ ಪನೆಟೋನೆ ಬ್ರೆಡ್ಡಿನಲ್ಲಿ ಇಷ್ಟು ಬೆಣ್ಣೆ, ಇಷ್ಟು ಹಣ್ಣು ಇರಲೇಬೇಕೆಂದು 2005ರಲ್ಲಿ ಕಾನೂನೇ ಮಾಡಿದ್ದಾರೆ. ಬೆಂದ ಪನೆಟೋನೆಯನ್ನು ತಲೆಕೆಳಗಾಗಿ ನೇತು ಹಾಕಿ ಆರಿಸುತ್ತಾರೆ, ಇಲ್ಲದಿದ್ದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ನಮ್ಮ ದಿಲ್‌ಪಸಂದ್ ಚಪ್ಪಟೆ, ಆ ಕಷ್ಟ ನಮಗಿಲ್ಲ.

ನಾದಿದ ಹಿಟ್ಟನ್ನು ಎಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿಡಿ. ಎಷ್ಟು ಹೊತ್ತು? ಬೆಂಗಳೂರಿನಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ. ಏಪ್ರಿಲ್‌ನಲ್ಲಿ ಹೊರಗೆ 33–34 ಡಿಗ್ರಿ ಇರುವಾಗ ನಮ್ಮ ಅಡುಗೆಮನೆಯಲ್ಲಿ ಇದು ಒಂದು ಗಂಟೆಯೊಳಗೆ ಎರಡರಷ್ಟಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 15–16ಕ್ಕೆ ಇಳಿಯುತ್ತದೆ, ಹಗಲಲ್ಲೂ ಅಡುಗೆಮನೆ 21–22 ಇರುತ್ತದೆ. ಆಗ ಎರಡೂವರೆ ಗಂಟೆ ಬೇಕಾದೀತು. ಬೇರೆ ದೇಶದ ಅಡುಗೆ ವಿಡಿಯೋದಲ್ಲಿ ಹೇಳಿದ ಹೊತ್ತು ನಮ್ಮ ಮನೆಗೆ ಹೊಂದುವುದಿಲ್ಲ. ಹೆಬ್ಬೆರಳಿಗೆ ಮೈದಾ ಸವರಿ ಹಿಟ್ಟನ್ನು ಒಂದು ಗೆಣ್ಣಿನಷ್ಟು ಒತ್ತಿ. ಗುಳಿ ಥಟ್ಟನೆ ಮುಚ್ಚಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧ ಮುಚ್ಚಿದರೆ ಆಯಿತು. ಮುಚ್ಚದೇ ಇದ್ದರೆ ಜಾಸ್ತಿ ಆಗಿದೆ.

ಚಳಿ ಇದ್ದರೆ ಓವನ್ ಒಳಗೆ ದೀಪ ಮಾತ್ರ ಹಚ್ಚಿ ಇಡಿ, ಅಥವಾ ಪಕ್ಕದಲ್ಲಿ ಒಂದು ಲೋಟ ಬಿಸಿನೀರಿಡಿ. ತವಾದ ಮೇಲೆ ಮಾತ್ರ ಇಡಬೇಡಿ. ತಳ ಬೇಯುತ್ತದೆ, ಮೇಲೆ ತಣ್ಣಗೇ ಇರುತ್ತದೆ.

ಹಿಟ್ಟು ಉಬ್ಬುವಾಗ ಹೂರಣ ಮಾಡಿಕೊಳ್ಳಿ. ಹಸಿ ಕಾಯಿ ತುರಿ 120 ಗ್ರಾಂ, ಕೊಬ್ಬರಿ ತುರಿ 40 ಗ್ರಾಂ, ಸಕ್ಕರೆ 60 ಗ್ರಾಂ, ಎರಡು ಚಮಚ ತುಪ್ಪ, ಏಲಕ್ಕಿ, ಗೋಡಂಬಿ ಚೂರು. ತುಪ್ಪದಲ್ಲಿ ಕಾಯಿಯನ್ನು ಸಣ್ಣ ಉರಿಯಲ್ಲಿ ಹುರಿದು ಹಸಿ ಹೋಗಿಸಿ, ಬಣ್ಣ ಬದಲಾಗಬಾರದು. ಸಕ್ಕರೆ ಹಾಕಿದ ಮೇಲೆ ನೀರು ಬಿಡುತ್ತದೆ, ಅದೂ ಆರಲಿ. ಕೊನೆಗೆ ಕೊಬ್ಬರಿ. ತಿಪಟೂರಿನ ಕೊಬ್ಬರಿ ಸಿಕ್ಕರೆ ಪರಿಮಳವೇ ಬೇರೆ. ಅದು ಉಳಿದ ತೇವವನ್ನೂ ಹೀರಿಕೊಳ್ಳುತ್ತದೆ. ಹೂರಣ ಒದ್ದೆ ಇದ್ದರೆ ಕೆಳಗಿನ ಬ್ರೆಡ್ಡು ಬೇಯದೆ ಹಸಿಹಸಿ ಉಳಿಯುತ್ತದೆ. ಕಾಯಿ ಕಡುಬಿನ ಹೂರಣಕ್ಕಿಂತ ಇದು ಒಣಗಿರಬೇಕು. ಪೂರ್ತಿ ಆರಿದ ಮೇಲೆ 50 ಗ್ರಾಂ ಟೂಟಿ ಫ್ರೂಟಿ ಬೆರೆಸಿ. ಬಿಸಿಯಲ್ಲಿ ಹಾಕಿದರೆ ಬಣ್ಣ ಬಿಡುತ್ತದೆ. ಟೂಟಿ ಫ್ರೂಟಿ ಎಂದರೆ ಸಕ್ಕರೆ ಪಾಕದಲ್ಲಿ ನೆನೆದ ಪರಂಗಿಕಾಯಿ ಎಂದು ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಹೇಳಿದಾಗ ಮಗಳು ನಂಬಲೇ ಇಲ್ಲ. ಮರದಿಂದ ಒಂದು ಕಾಯಿ ಕಿತ್ತು ಮಾಡಿ ತೋರಿಸಬೇಕಾಯಿತು.

ಉಬ್ಬಿದ ಹಿಟ್ಟನ್ನು ಒತ್ತಿ ಗಾಳಿ ತೆಗೆದು ಎರಡು ಭಾಗ ಮಾಡಿ. ಒಂದು ಸ್ವಲ್ಪ ದೊಡ್ಡದಿರಲಿ. ಹತ್ತು ನಿಮಿಷ ಸುಮ್ನೆ ಬಿಟ್ಟರೆ ಲಟ್ಟಿಸುವಾಗ ಹಿಂದಕ್ಕೆ ಎಳೆಯುವುದಿಲ್ಲ. ದೊಡ್ಡದನ್ನು ಲಟ್ಟಿಸಿ ಬೆಣ್ಣೆ ಸವರಿದ ಟಿನ್ನಿಗೆ ಹಾಸಿ. ಅಂಚಿನಲ್ಲಿ ಒಂದು ಬೆರಳಗಲ ಬಿಟ್ಟು ಹೂರಣ ಹರಡಿ. ಅಂಚಿಗೆ ಹಾಲು ಸವರಿ, ಮೇಲೆ ಚಿಕ್ಕದನ್ನು ಹೊದಿಸಿ, ಕೆಳಗಿನ ಅಂಚನ್ನು ಮೇಲಕ್ಕೆ ಮಡಚಿ ಒತ್ತಿ. ಆಮೇಲೆ ಫೋರ್ಕಿನಿಂದ ಮೇಲೆಲ್ಲ ಚುಚ್ಚಿ, ಮುಳ್ಳು ಹೂರಣಕ್ಕೆ ತಾಗುವಷ್ಟು ಆಳ. ಇದನ್ನು ಮರೆತರೆ ಒಳಗಿನ ಆವಿ ಮೇಲಿನ ಪದರವನ್ನು ಪೂರಿಯಂತೆ ಎತ್ತಿಬಿಡುತ್ತದೆ. ಮತ್ತೆ ಮುಚ್ಚಿ 35–45 ನಿಮಿಷ, ಚಳಿಯಲ್ಲಿ ಒಂದು ಗಂಟೆ.

ಹಾಲು ಸವರಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿಗೆ 25–30 ನಿಮಿಷ. ಜಾಸ್ತಿ ಬಿಸಿ ಇಟ್ಟು ಬೇಗ ಮುಗಿಸೋಣ ಎನಿಸುತ್ತದೆ. ಸಕ್ಕರೆ, ಹಾಲು ಇರುವ ಹಿಟ್ಟು ಬೇಗ ಕೆಂಪಾಗುತ್ತದೆ. 220ಕ್ಕೆ ಇಟ್ಟರೆ ಹೊರಗೆ ಕಪ್ಪು, ಒಳಗೆ ಹಸಿ. ಮನೆಯ ಸಣ್ಣ ಕರೆಂಟ್ ಓವನ್‌ಗಳು, ಅಂದರೆ ಓಟಿಜಿಗಳು, ತೋರಿಸುವ ಬಿಸಿಯೇ ಬೇರೆ, ಒಳಗಿರುವ ಬಿಸಿಯೇ ಬೇರೆ ಆಗಿರಬಹುದು. ಒಳಗಿಡುವ ಒಂದು ಸಣ್ಣ ಥರ್ಮಾಮೀಟರ್ ಕೊಂಡರೆ ಆ ಸಂಶಯ ಹೋಗುತ್ತದೆ. ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ ಬ್ರೆಡ್ಡಿನ ಒಳಗೆ 92–93 ಡಿಗ್ರಿ ಬಂದಾಗ ತೆಗೆಯಿರಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಸುಮಾರಿಗೆ. 98 ಬರಲಿ ಎಂದು ಕಾದರೆ ಬ್ರೆಡ್ಡು ಒಣಗುತ್ತದೆ, 98 ಬರುವುದಿಲ್ಲ.

ತೆಗೆದ ಕೂಡಲೇ ಮೇಲೆ ಬೆಣ್ಣೆ ಸವರಿ, ತಂತಿ ಜಾಲರಿಯ ಮೇಲೆ ಇಡಿ. ಅರ್ಧ ಗಂಟೆಯಾದರೂ ಕತ್ತರಿಸಬೇಡಿ.

ಮಾತಾದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಹಿಂದಿನ ಸಾಲಿನ ಹಿರಿಯರೊಬ್ಬರು, “ಕುಕ್ಕರಿನಲ್ಲಿ ಆಗಲ್ವಾ ಮೇಡಂ? ನಮ್ಮ ಮನೆಯಲ್ಲಿ ಮರಳು ಹಾಕಿ ಕೇಕ್ ಮಾಡ್ತಿದ್ರು” ಎಂದರು. ಆಗುತ್ತದೆ. ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದು, ತಳಕ್ಕೆ ಮರಳು ಅಥವಾ ಉಪ್ಪು ಹಾಕಿ, ಸ್ಟ್ಯಾಂಡ್ ಇಟ್ಟು ಬೇಯಿಸಬಹುದು. ಆದರೆ ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲೆ ಬಣ್ಣ ಬರುವುದಿಲ್ಲ. ಬೆಂದ ಮೇಲೆ ಬೆಣ್ಣೆ ಹಾಕಿದ ತವಾದ ಮೇಲೆ ಮಗುಚಿ ಎರಡು ನಿಮಿಷ ಇಡಿ. ಖಾಲಿ ಕುಕ್ಕರ್ ಕಾಯಿಸಿದರೆ ಹಾಳಾಗುತ್ತದೆ, ಅದಕ್ಕೆಂದೇ ಒಂದು ಹಳೆಯದನ್ನು ಇಟ್ಟುಕೊಳ್ಳಿ.

ಒಬ್ಬ ಹುಡುಗಿ ಗೋಧಿ ಹಿಟ್ಟಿನಲ್ಲಿ ಮಾಡಬಹುದಾ ಎಂದಳು. ಮೂರನೇ ಒಂದು ಭಾಗದವರೆಗೆ ಬೆರೆಸಬಹುದು, ನೀರು ಸ್ವಲ್ಪ ಜಾಸ್ತಿ ಬೇಕು. ಪೂರ್ತಿ ಗೋಧಿಯಾದರೆ ಹೊಟ್ಟಿನ ಚೂರುಗಳು ಬಲೆಯನ್ನು ಹರಿಯುತ್ತವೆ, ಹಗುರ ಬರುವುದಿಲ್ಲ.

ಉಳಿದದ್ದನ್ನು ಫ್ರಿಜ್‌ನಲ್ಲಿ ಇಡಬಹುದಾ ಎಂದು ಇನ್ನೊಬ್ಬರು ಕೇಳಿದರು. ಇದು ನನಗೂ ತಲೆನೋವಿನ ವಿಷಯ. ಕಾಯಿ ಹೊರಗಿಟ್ಟರೆ ಹಳಸುತ್ತದೆ, ಫ್ರಿಜ್ ಬೇಕು. ಬ್ರೆಡ್ಡಿಗೆ ಫ್ರಿಜ್ ಆಗುವುದಿಲ್ಲ, ಆ ತಣುಪಿನಲ್ಲಿ ಪಿಷ್ಟ ಬೇಗ ಗಟ್ಟಿಯಾಗಿ ಬ್ರೆಡ್ ಒರಟಾಗುತ್ತದೆ. ಹಾಗಾಗಿ ಆ ದಿನ ಮತ್ತು ಮರುದಿನ ಬೆಳಿಗ್ಗೆಗೆ ಬೇಕಾದಷ್ಟನ್ನು ಡಬ್ಬಿಯಲ್ಲಿ ಹೊರಗಿಡುತ್ತೇನೆ. ಬೇಸಿಗೆಯಲ್ಲಾದರೆ ಅದೇ ದಿನ ಮುಗಿಸಬೇಕು. ಉಳಿದ ಹೋಳುಗಳನ್ನು ಒಂದೊಂದಾಗಿ ಸುತ್ತಿ ನೇರವಾಗಿ ಫ್ರೀಜರ್‌ಗೆ. ತಿನ್ನುವ ಮುಂಚೆ ಸಣ್ಣ ಉರಿಯ ತವಾದ ಮೇಲೆ ಮುಚ್ಚಿ ಬಿಸಿ ಮಾಡಿದರೆ ಹೊಸದರಂತೆ ಮೆತ್ತಗಾಗುತ್ತದೆ.

ಅಷ್ಟರಲ್ಲಿ ಮುಂದಿನ ಸಾಲಿನ ಪುಟ್ಟ ಹುಡುಗ ಎದ್ದು, “ಆಂಟಿ, ಹಸಿರು ಜಾಡಿ ಮೇಲೆ ಬಂತು!” ಎಂದು ಕೂಗಿದ. ಎಲ್ಲರೂ ಮೇಜಿನ ಬಳಿ ಬಂದು ನೋಡಿದರು. ಒಂದೂಕಾಲು ಗಂಟೆಯಾಗಿತ್ತು. ಸಕ್ಕರೆ ಇಲ್ಲದ ಹಿಟ್ಟು ರಬ್ಬರ್ ಬ್ಯಾಂಡ್ ದಾಟಿ ಮೂರು ಬೆರಳು ಮೇಲೇರಿತ್ತು, ಗಾಜಿನ ಪಕ್ಕದಲ್ಲೆಲ್ಲ ಗುಳ್ಳೆ. ಸಿಹಿ ಹಿಟ್ಟು ಒಂದು ಬೆರಳು ದಾಟಿತ್ತು, ಅಷ್ಟೇ. ಕೆಟ್ಟಿದೆಯಾ ಎಂದು ಆ ಹುಡುಗ ಕೇಳಿದ. ಮುಚ್ಚಳ ತೆಗೆದು ಅವನ ಮೂಗಿನ ಹತ್ತಿರ ಹಿಡಿದೆ. ಹಾಲು, ಬಾಳೆಹಣ್ಣು ಬೆರೆತಂಥ ಮೆಲ್ಲನೆಯ ವಾಸನೆ ಬರುತ್ತಿತ್ತು. ಇನ್ನೂ ಒಂದು ಗಂಟೆ ಬೇಕು ಎಂದೆ. ಬೆಳಿಗ್ಗೆ ಮನೆಯಲ್ಲಿ ಬೇಯಿಸಿ ತಂದಿದ್ದ ಎರಡು ದಿಲ್‌ಪಸಂದ್‌ಗಳನ್ನು ಕತ್ತರಿಸಲು ಅವನ ಅಮ್ಮ ಕೈಜೋಡಿಸಿದರು.